ನೀಲಿ ಬಾಲ್ಕನಿ

ಮೊನ್ನೆ ಅಕ್ಕನ ಮಗಳ ಮದುವೆಗೆಂದು ಸೊರಬದ ಕಲ್ಯಾಣ ಮಂಟಪದೊಳಗೆ ಕಾಲಿಟ್ಟೆ. ಹೊಸ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ತಲೆಯೆತ್ತಿದರೆ ಅದೇ ಬಾಲ್ಕನಿ, ಕೆಳಗೆ ಒಂದು ಕಂಬವೂ ಇಲ್ಲದೆ ಗೋಡೆಯಿಂದ ಹೊರಕ್ಕೆ ಚಾಚಿಕೊಂಡು ನಿಂತಿತ್ತು. ಮದುವೆಯ ಸಂತೋಷ ಅಲ್ಲೇ ಅರ್ಧ ಇಳಿಯಿತು.

ಈ ಮಂಟಪ ಕಟ್ಟುವ ಮುಂಚೆ ಅದರ ಭಾರದ ಲೆಕ್ಕ ಮೊದಲು ಬಂದದ್ದು ಎಂಜಿನಿಯರಾದ ನನ್ನ ಬಳಿಗೆ. ಆಗ ಶಿಕಾರಿಪುರದಲ್ಲಿ ಒಂದು ಪುಟ್ಟ ಆಫೀಸು, ಒಂದು ಕಂಪ್ಯೂಟರು, ಊರಿಗೆಲ್ಲ ಹಂಚಿದರೂ ಮಿಗುವಷ್ಟು ಜಂಬ ಇಟ್ಟುಕೊಂಡಿದ್ದೆ. ಫೈನೈಟ್ ಎಲಿಮೆಂಟ್ ಎಂಬ ವಿದ್ಯೆಯ ಹೆಸರು ನೀವು ಕೇಳದಿದ್ದರೂ ನಷ್ಟವಿಲ್ಲ. ಜಮೀನನ್ನು ಪೋಡಿ ಮಾಡಿದ ಹಾಗೆ ಕಟ್ಟಡದ ಚಿತ್ರವನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದು ಚೂರು ಅಲುಗಿದರೆ ಪಕ್ಕದ್ದನ್ನು ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕುವುದು. ಅಣ್ಣತಮ್ಮಂದಿರು ಪಾಲಾಗುವಾಗ ಇದೇ ಎಳೆದಾಟವನ್ನು ಕಂಪ್ಯೂಟರಿಲ್ಲದೆ ಮಾಡುತ್ತಾರೆ. ಕೊನೆಗೆ ಚಿತ್ರಕ್ಕೆ ಬಣ್ಣ ಬರುತ್ತದೆ. ಆರಾಮಾಗಿರುವ ಜಾಗ ನೀಲಿ, ತಾಳುವ ಮಿತಿ ದಾಟಿದ ಜಾಗ ಕೆಂಪು. ಬಾಲ್ಕನಿ ಗೋಡೆಗೆ ಸೇರುವಲ್ಲಿ ಕೆಂಪೋ ಕೆಂಪು.

"ಎರಡು ಕಂಬ ಕೊಡಲೇಬೇಕು ಸಾರ್," ಎಂದೆ. ಮಂಟಪದ ಸಮಿತಿಯ ಅಧ್ಯಕ್ಷರು ಆ ಚಿತ್ರವನ್ನು ಹೆಣ್ಣಿನ ಫೋಟೋ ನೋಡುವ ಗಂಡಿನ ಕಡೆಯವರ ಹಾಗೆ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಕಂಬ ಹಾಕಿದ್ರೆ ಸ್ಟೇಜೇ ಕಾಣಲ್ಲ ಕಣ್ರೀ. ಅದರ ಬದ್ಲು ಈ ಕೆಂಪು ತೆಗೀರಿ. ಉದ್ಘಾಟನೆಗೆ ಫ್ಲೆಕ್ಸ್ ಮಾಡಿಸ್ಬೇಕು."

"ಕಂಪ್ಯೂಟರಲ್ಲಿ ತಾಳೋ ಮಿತಿ ಏರಿಸಿದ್ರೆ ಎಲ್ಲ ನೀಲಿ ಆಗುತ್ತೆ. ಆದ್ರೆ ಅದು ಬಾಲ್ಕನಿಗೆ ಗೊತ್ತಾಗಲ್ವಲ್ಲ ಸಾರ್!"

"ಅಷ್ಟು ಸುಲಭ ಇದ್ರೆ ಮಾಡೋಕೇನ್ರೀ ಕಷ್ಟ?"

ನಾನು ಮಾಡಲಿಲ್ಲ. ಮಾಡಿಕೊಡುವವರಿಗೇನು ಬರವೇ? ಉದ್ಘಾಟನೆಯ ಫ್ಲೆಕ್ಸಿನಲ್ಲಿ ಬಾಲ್ಕನಿ ಕ್ಯಾಲೆಂಡರಿನ ಕೃಷ್ಣನಂತೆ ನೀಲಿಯಾಗಿತ್ತು, ಪಕ್ಕದಲ್ಲಿ ಅಧ್ಯಕ್ಷರು ಕೈಮುಗಿದು ನಗುತ್ತಿದ್ದರು. ಬಣ್ಣ ಬದಲಿಸಿದರೆ ಭಾರ ಇಳಿಯುತ್ತದೆಂದು ನಂಬಿದ ಆ ಪೆದ್ದ ಮನುಷ್ಯನ ಕಥೆ ಹೇಳಿ ನಾನು ಎಷ್ಟೋ ವರ್ಷ ಗೆಳೆಯರನ್ನು ನಗಿಸಿದೆ.

ಮೊನ್ನೆ ಧಾರೆಯ ಹೊತ್ತಿಗೆ, ಜಡೆ ಊರಿನಿಂದ ಬಂದಿದ್ದ ಗಂಡಿನ ಕಡೆಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮೆಟ್ಟಿಲ ಕಡೆ ಹೊರಟರು. ಮೇಲಿಂದ ಚೆನ್ನಾಗಿ ಕಾಣುತ್ತದಂತೆ. ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತೆ.

"ಎಂಥದೋ ಇದು? ಬೀಗರ ಎದುರು ಮಾನ ಕಳೀತೀಯಲ್ಲ!" ಅಕ್ಕ ಹಲ್ಲು ಕಚ್ಚಿದಳು.

"ಆಮೇಲೆ ಬೈಯಿ. ಯಾರನ್ನೂ ಹತ್ತಿಸಲ್ಲ," ಎಂದೆ.

ಗಲಾಟೆ ಕೇಳಿ ಅಧ್ಯಕ್ಷರೇ ಬಂದರು. ನಾನು ಜಗಳಕ್ಕೆ ಸಿದ್ಧನಾದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಬೀಗ, ಒಂದು ಕೀ ಕೈಗಿಟ್ಟರು.

"ಕೂಗಾಡ್ಬೇಡ್ರಿ ಮಾರಾಯ್ರೆ. ಮೇಲಿನ ಬಾಗ್ಲಿಗೆ ಹಾಕ್ಕಳಿ. ನಮ್ಮ ಮಗಳ ಮದುವೇಲಿ ನಾನೂ ಹಾಕ್ಸಿದ್ದೆ."

"ಉಳಿದವರ ಮದುವೇಲಿ?"

"ಅವರ್ಯಾರೂ ಕೇಳಿಲ್ಲಲ್ರೀ."

ಮೈಯೆಲ್ಲ ಉರಿದುಹೋಯಿತು. ಪೆದ್ದ ಎಂದು ನಾನು ನಕ್ಕ ಮನುಷ್ಯನಿಗೆ ಆ ಕೆಂಪು ನನ್ನಷ್ಟೇ ಚೆನ್ನಾಗಿ ಅರ್ಥವಾಗಿತ್ತು.

ಬೀಗ ಹಾಕಿದೆ. ಕೀ ವಾಪಸ್ ಕೊಟ್ಟಿಲ್ಲ. ಬರುವ ವಾರ ಇನ್ನೊಂದು ಮದುವೆ ಇದೆಯೆಂದು ಅಧ್ಯಕ್ಷರು ದಿನಾ ಫೋನ್ ಮಾಡುತ್ತಿದ್ದಾರೆ. ಮೊದಲು ನೀವು ಎರಡು ಕಂಬ ನಿಲ್ಲಿಸಿ, ಆಮೇಲೆ ಕೀ ತಂದುಕೊಡುತ್ತೇನೆ ಎಂದಿದ್ದೇನೆ.