ಡಾಕ್ಟರಮ್ಮ ಹೊತ್ತುಕೊಂಡ ತಪ್ಪು

೧೯೮೧ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಸ್ಕೂಲು ಬಿಟ್ಟು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕೆಲಸಕ್ಕೆ ಸೇರಿದೆ. ದುಡಿದು ಮೇಲೆ ಬಂದವನು, ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಮೊನ್ನೆ ಅರಗಿನ ಹಳೇ ಡಬ್ಬ ತೊಳೆಯಲು ತೆಗೆದಾಗ ತಳದಲ್ಲಿ ನಾಲ್ಕಾಗಿ ಮಡಿಸಿದ ಸ್ಕ್ಯಾನಿಂಗ್ ಚೀಟಿ ಸಿಕ್ಕಿತು. ಅಲ್ಲಿ ಬಚ್ಚಿಟ್ಟವನು ನಾನೇ.

ಬರೆದುಕೊಟ್ಟವರು ರಾಮನಗರದ ಡಾಕ್ಟರಮ್ಮ. ನನ್ನ ಹೆಂಡತಿಗೆ ಅದು ಎರಡನೇ ಬಸಿರು. ಮೊದಲನೆಯದು ಆಪರೇಷನ್ ಆಗಿತ್ತು. ಸ್ಕ್ಯಾನಿಂಗ್ ಮುಗಿದು ಅವಳು ಒಳಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಡಾಕ್ಟರಮ್ಮ ನನ್ನನ್ನು ಕರೆದರು.

"ಏನ್ ಕೆಲಸ ನಿಮ್ದು?"

"ಬೊಂಬೆ ಕಡೀತೀನಿ ಮೇಡಂ."

"ಹಾಗಾದ್ರೆ ಬೇಗ ಅರ್ಥ ಆಗುತ್ತೆ. ಮರಕ್ಕೆ ಹತ್ತಿದ ಅರಗನ್ನ ಸಿಪ್ಪೆ ಥರ ಸುಲಿಯೋಕಾಗುತ್ತಾ? ಮಗೂನ ಮಾಸು ಹಿಂದಿನ ಆಪರೇಷನ್ ಹೊಲಿಗೆಗೆ ಹಾಗೇ ಕಚ್ಕೊಂಡಿದೆ. ತಾನಾಗಿ ಬಿಡಲ್ಲ, ರಕ್ತ ಸುರಿಯುತ್ತೆ. ನೋವು ಬರೋ ಮುಂಚೆ, ಎಂಟು ತಿಂಗಳು ತುಂಬೋ ಹೊತ್ತಿಗೆ, ಬೆಂಗಳೂರಲ್ಲಿ ಆಪರೇಷನ್ ಆಗ್ಲೇಬೇಕು."

"ಏಳ್ರಲ್ ಹುಟ್ಟಿದ್ದಾದ್ರೂ ಉಳೀತದೆ ಮೇಡಂ, ಎಂಟ್ರದ್ದು ಉಳಿಯಕಿಲ್ಲ. ಊರಿಗೇ ಗೊತ್ತಿರೋ ಮಾತು."

"ನಿಮ್ಮೂರಿಗೆ ಹೊಟ್ಟೆಯೊಳಗಡೆ ಕಾಣುತ್ತೇನ್ರಿ?"

ಬಾಗಿಲಾಚೆ ಬೆಂಚಿನಲ್ಲಿ ಕೂತಿದ್ದವರು ನಕ್ಕರು. ಓದಿಲ್ಲದವನು ಅಂತ ಸದರ ಮಾಡಿದರು ಅನ್ನಿಸಿತು ನನಗೆ.

ಬಸ್ಸಿನಲ್ಲಿ ಹೆಂಡತಿ, "ಏನಂದ್ರು?" ಅಂತ ಕೇಳಿದಳು.

"ಎಲ್ಲಾ ಸರಿಯಾಗೈತಂತೆ," ಅಂದೆ.

ಒಂಬತ್ತಕ್ಕೆ ಬಿದ್ದು ಹತ್ತು ದಿನವಾಗಿತ್ತು. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳಿಗೆ ರಕ್ತ ಹರಿಯಲು ಶುರುವಾಯಿತು... ಜೀಪಿನಲ್ಲಿ ರಾಮನಗರಕ್ಕೆ ಓಡಿದೆವು. ಡಾಕ್ಟರಮ್ಮ ಬೆಂಗಳೂರಿಗೆ ಫೋನ್ ಮಾಡಿ, ಒಂದು ಮಾತೂ ಬೈಯದೆ ತಾವೂ ಜೀಪು ಹತ್ತಿದರು. ಮಾಸು ಎಲ್ಲಿ, ಎಷ್ಟು ಆಳ ಕಚ್ಚಿದೆ ಅಂತ ಅವರು ಮೊದಲೇ ತಿಳಿಸಿದ್ದರಿಂದ ಅಲ್ಲಿ ರಕ್ತ ತಂದಿಟ್ಟುಕೊಂಡು ಕಾಯುತ್ತಿದ್ದರು. ಗರ್ಭಕೋಶ ತೆಗೆದು ಹೆಂಡತಿಯನ್ನು ಉಳಿಸಿದರು. ಮಗು ಉಳಿಯಲಿಲ್ಲ. ಹೆಣ್ಣು.

ಮೂರನೇ ದಿನ ಡಾಕ್ಟರಮ್ಮ ನೋಡಲು ಬಂದರು. ಹೆಂಡತಿ ಅವರ ಕೈ ಹಿಡಿದುಕೊಂಡಳು.

"ನಿಮಗೆ ಕಂಡಿರ್ನಿಲ್ವಾ ಮೇಡಂ? ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ನಿನಗೇ ಹೇಳ್ಬೇಕಿತ್ತು ಕಣಮ್ಮ. ನನ್ನದೇ ತಪ್ಪು," ಅಂದರು.

ಡಾಕ್ಟರಮ್ಮ ತೀರಿಕೊಂಡು ವರ್ಷಗಳಾದವು. ಬೀದಿಯಲ್ಲಿ ಯಾರಾದರೂ ಬಸುರಿ ಕಂಡರೆ ಹೆಂಡತಿ ಇವತ್ತಿಗೂ, "ಆವಮ್ಮ ಒಂದ್ ಮಾತು ಹೇಳಿದ್ರೆ ಆಗೋದು," ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.

ಈಗ ನನಗಿರುವುದು ಒಂದು ಸ್ವಂತ ಮನೆ, ಮೂರು ಲೇತು, ಹೆಂಡತಿ, ಒಬ್ಬ ಮಗ.