ಫ್ಯಾನ್ ಹಾಕಿಕೊಂಡು ಅಡುಗೆ ಮಾಡಿದ ದಿನಗಳು

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಮುಂಬೈ ಪಕ್ಕದ ಠಾಣೆ ಊರಿನ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಮನೆಗಳಲ್ಲಿ ಕರೆಂಟು ಎಲ್ಲೆಲ್ಲಿ ಖರ್ಚಾಗುತ್ತದೆ, ಗ್ಯಾಸಿನ ಬದಲು ವಿದ್ಯುತ್ ಒಲೆ ಹೊಂದುತ್ತದೆಯೇ, ಟೆರೇಸಿನ ಮೇಲೆ ಸೋಲಾರ್ ಹಾಕಿದರೆ ಏನು ಅನುಕೂಲ, ಇಂಥದನ್ನು ಮನೆಮನೆಗೆ ಹೋಗಿ ಕೇಳುತ್ತೇವೆ. ವರದಿ ಬರೆಯುತ್ತೇವೆ. ಆಮೇಲೆ ಅದನ್ನು ಹಿಡಿದು ಹೌಸಿಂಗ್ ಸೊಸೈಟಿಗಳ ಕಮಿಟಿಗಳನ್ನೂ ಅಧಿಕಾರಿಗಳನ್ನೂ ಒಪ್ಪಿಸಲು ನೋಡುತ್ತೇವೆ. ಅತ್ತೆ ಇದನ್ನು ‘ಕರೆಂಟಿನ ಪಂಚಾತಿಗೆ’ ಎನ್ನುತ್ತಿದ್ದರು.

ಅತ್ತೆ ಎಂದರೆ ನನ್ನ ಸಂಬಂಧಿಕರಲ್ಲ. ಡೊಂಬಿವಲಿಯಲ್ಲಿ ನಾವಿದ್ದ ಐದು ಮಹಡಿಯ ಹಳೇ ಕಟ್ಟಡದ ಮೂರನೇ ಮಹಡಿಯವರು. ನಮ್ಮ ಹಾಗೆಯೇ ಉಡುಪಿ ಕಡೆಯಿಂದ ಬಂದವರಾದ್ದರಿಂದ ಚಿಕ್ಕಂದಿನಿಂದ ಅವರು ಅತ್ತೆ, ಅವರ ಗಂಡ ಮಾವ. ಮಾವ ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಶಾಕಾಹಾರಿ ಹೋಟೆಲು ನಡೆಸಿ, ಮಂಡಿ ನೋವು ಜಾಸ್ತಿಯಾದ ಮೇಲೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಎರಡನೇ ಮಹಡಿಯ ಮನೆಯಲ್ಲಿ ನಾನೊಬ್ಬಳೇ ಉಳಿದಾಗ, ಸಂಜೆ ಲೋಕಲ್ ಇಳಿದು ಬರುವ ನನಗೆ ಒಂದು ಡಬ್ಬಿಯಲ್ಲಿ ಸಾರೋ ಪಲ್ಯವೋ ತೆಗೆದಿಟ್ಟಿರುತ್ತಿದ್ದವರು ಅತ್ತೆ.

ಅವರಿಗೆ ಉಬ್ಬಸವಿತ್ತು. ಅವರ ಅಡುಗೆಮನೆಗೆ ಕಿಟಕಿ ಎಂಬುದೊಂದಿತ್ತು, ಆದರೆ ಅದು ತೆರೆದುಕೊಳ್ಳುತ್ತಿದ್ದುದು ಪಕ್ಕದ ಕಟ್ಟಡದ ಗೋಡೆಗೆ. ಮೇ ತಿಂಗಳಲ್ಲಿ ಅಲ್ಲಿ ನಿಂತರೆ ಸೀರೆ ಬೆನ್ನಿಗೆ ಅಂಟುತ್ತಿತ್ತು. ಉರಿ ಆರಿಹೋಗುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಒಗ್ಗರಣೆ ಹಾಕಿದ ಮೇಲೆ ಅತ್ತೆ ಹೊರಗೆ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡು, ಉಸಿರು ಸಮವಾಗುವವರೆಗೆ ಮಾತಾಡದೆ ನಿಲ್ಲುತ್ತಿದ್ದರು. ನಾನು ಊರೆಲ್ಲ ಸುತ್ತಿ ಕಂಡವರ ಅಡುಗೆಮನೆ ಅಳೆಯುತ್ತೇನೆ, ಮೇಲಿನ ಮಹಡಿಯಲ್ಲಿ ಹೀಗಿದೆಯಲ್ಲ ಎನಿಸಿ ಒಂದು ದಿನ ಇಂಡಕ್ಷನ್ ಒಲೆಯ ಮಾತು ತೆಗೆದೆ.

ಮಾವ ನಕ್ಕರು. “ಬೆಂಕಿ ಕಾಣದೆ ಅಡಿಗೆ ಮಾಡುವುದಾ? ಹೋಟ್ಲು ನಡೆಸಿದವ ನಾನು. ನನಗೆ ಒಲೆ ಕಲಿಸ್ಲಿಕ್ಕೆ ಬಂದಿದ್ದೀಯಾ ಮಾರಾಯ್ತಿ?”

“ಕಲಿಸುವುದು ನಿಮಗಲ್ಲ ಮಾವ, ಅತ್ತೆಗೆ,” ಎಂದೆ.

ಮರುದಿನ ನಾನು ಹೋದಾಗ ಅತ್ತೆ ಫ್ರಿಜ್ಜಿಗೆ ಅಂಟಿಸಿದ್ದ ಅಯಸ್ಕಾಂತದ ಗಣಪತಿಯನ್ನು ತೆಗೆದು ಒಂದೊಂದೇ ಪಾತ್ರೆಯ ತಳಕ್ಕೆ ಹಿಡಿದು ನೋಡುತ್ತಿದ್ದರು. ಯಾವುದಕ್ಕೆ ಅಂಟಿತೋ ಅದು ಒಲೆಗೆ ಆಗುವ ಪಾತ್ರೆ ಎಂದು ನಾನು ಹೇಳಿದ್ದು ನೆನಪಿಟ್ಟಿದ್ದರು. ಎಲೆಕ್ಟ್ರಿಷಿಯನ್ ಬಂದು ಹಳೆಯ ವೈರು ಬದಲಿಸಿ ದೊಡ್ಡ ಪ್ಲಗ್ ಹಾಕಿಕೊಟ್ಟ. ಒಲೆ ಬಂತು. ಮೊದಲ ವಾರ ಹಾಲು ಉಕ್ಕಿತು, ಅನ್ನ ತಳ ಹಿಡಿಯಿತು, ದೋಸೆ ಒಂದು ಕಡೆ ಕರಿದಾಗಿ ಇನ್ನೊಂದು ಕಡೆ ಬಿಳಿಯಾಗಿಯೇ ಉಳಿಯಿತು. ಆಮೇಲೆ ಅವರ ಕೈ ಕೂತಿತು. ಕಟ್ಟೆಯ ಮೇಲೆ ಗೋಡೆಗೆ ಒಂದು ಫ್ಯಾನ್ ಹಾಕಿಸಿದರು.

ಆ ಫ್ಯಾನು ತಿರುಗುತ್ತಿರುವಾಗ ಅವರು ಪತ್ರೊಡೆ ಬೇಯಲು ಇಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. “ಮದುವೆಯಾಗಿ ಬಂದಾಗಿನಿಂದ ಅಡಿಗೆಮನೆಯಲ್ಲಿ ಗಾಳಿ ಹಾಕಿಕೊಂಡು ಕೂತದ್ದು ಇದೇ ಮೊದಲು ನೋಡು,” ಎಂದರು. “ಮೊದಲೇ ಯಾಕೆ ಹೇಳ್ಲಿಲ್ಲ ಇದನ್ನು?”

ನಾನು ಬರೆದ ಯಾವ ವರದಿಯೂ ನನಗೆ ಆ ಮಾತು ಕೊಟ್ಟಷ್ಟು ಸಂತೋಷ ಕೊಡಲಿಲ್ಲ.

ಮಾವ ಬದಲಾದದ್ದು ಅಲ್ಲಿಂದ. ಅವರು ಸೊಸೈಟಿಯ ಸೆಕ್ರೆಟರಿ. ಟೆರೇಸಿನ ಮೇಲೆ ಸೋಲಾರ್ ಹಾಕಿ ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪ ಅದರಲ್ಲೇ ನಡೆಸಬಹುದೆಂದು ನಾನು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೆ. ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಮಾವನೇ ಮನೆಮನೆಗೆ ಹೋದರು. ಒಬ್ಬರಿಗೆ ಸ್ಲ್ಯಾಬ್ ಸೋರುವ ಭಯ, ಇನ್ನೊಬ್ಬರಿಗೆ ಹಪ್ಪಳ ಒಣಗಿಸಲು ಜಾಗ ಹೋಗುವ ಭಯ, ಮತ್ತೊಬ್ಬರಿಗೆ ಇದೆಲ್ಲ ಸೆಕ್ರೆಟರಿಯ ಸ್ವಂತ ಲಾಭಕ್ಕೆಂಬ ಅನುಮಾನ. ಮಾವ ಎಲ್ಲರ ಮನೆಯಲ್ಲೂ ಚಹಾ ಕುಡಿದರು, ಎಲ್ಲರ ಬೈಗುಳವನ್ನೂ ಕೇಳಿಸಿಕೊಂಡರು. ಫಲಕಗಳನ್ನು ಎತ್ತರದ ಕಂಬಗಳ ಮೇಲೆ ಕೂರಿಸಿ, ಕೆಳಗೆ ಜನ ಓಡಾಡುವಂತೆ ಮಾಡಿದ ಮೇಲೆ ಗಲಾಟೆ ತಣ್ಣಗಾಯಿತು.

ಹೊಸ ಮೀಟರು ಕೂರಿಸಿದ ದಿನ ಅವರು ಆಫೀಸಿಗೆ ಫೋನ್ ಮಾಡಿ, “ಕೂಡ್ಲೇ ಬಾ, ನಮ್ಮ ಉಳಿದ ಕರೆಂಟು ನಾವೇ ಕಂಪನಿಯವರಿಗೆ ಕೊಡ್ಲಿಕ್ಕೆ ಶುರು ಮಾಡಿದ್ದೇವೆ!” ಎಂದು ಕೂಗಿದ್ದರು. ಆಮೇಲೆ ದಿನಾ ಬೆಳಿಗ್ಗೆ, ಮಂಡಿ ನೋವಿನಲ್ಲೂ, ಒಂದು ಕೋಲಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಟೆರೇಸಿಗೆ ಹೋಗಿ ಫಲಕಗಳನ್ನು ಹೋಟೆಲಿನ ಮೇಜು ಒರೆಸುವ ಹಾಗೆ ಒರೆಸಿ ಬರುತ್ತಿದ್ದರು. ಅವುಗಳ ನೆರಳಿನ ಆಚೆ ಅತ್ತೆ ಸಂಡಿಗೆ ಹಾಕುತ್ತಿದ್ದರು. ನಾನು ಬೇರೆ ಸೊಸೈಟಿಗಳವರನ್ನು ಕರೆತಂದು ತೋರಿಸುತ್ತಿದ್ದೆ. ಮಾವ ಅವರಿಗೆಲ್ಲ ಮರಾಠಿಯಲ್ಲಿ ಭಾಷಣವನ್ನೇ ಕೊಡುತ್ತಿದ್ದರು.

ಅದಾಗಿ ಬಹಳ ಕಾಲ ಕಳೆದಿರಲಿಲ್ಲ. ಒಂದು ಮಳೆಗಾಲದಲ್ಲಿ ಮೊದಲನೇ ಮಹಡಿಯ ಮೆಟ್ಟಿಲಿನ ಮೇಲ್ಭಾಗದಿಂದ ಕಾಂಕ್ರೀಟಿನ ದೊಡ್ಡ ತುಂಡು ಕಳಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಒಳಗಿನ ಕಬ್ಬಿಣದ ಸರಳು ಹೊರಗೆ ಕಂಡಿತು, ಮುಟ್ಟಿದರೆ ಪುಡಿಯಾಗಿ ಕೈಗೆ ಬರುತ್ತಿತ್ತು. ಪರೀಕ್ಷೆಗೆ ಬಂದ ಇಂಜಿನಿಯರ್ ಕಂಬಗಳನ್ನು ಸುತ್ತಿಗೆಯಿಂದ ತಟ್ಟುತ್ತ ಸುತ್ತು ಹಾಕಿ, ಇದನ್ನು ರಿಪೇರಿ ಮಾಡುವುದಕ್ಕಿಂತ ಕೆಡವುವುದು ಲೇಸೆಂದು ಬರೆದುಕೊಟ್ಟ. ಬಿಲ್ಡರ್ ಬಂದ. ನಮ್ಮ ಕಟ್ಟಡ ಕೆಡವಿ ಅಲ್ಲಿ ಎತ್ತರದ ಟವರ್ ಕಟ್ಟುವ ಮಾತು, ಡೊಂಬಿವಲಿಯ ಪ್ರತಿ ಗಲ್ಲಿಯಲ್ಲೂ ನಡೆಯುವ ರಿಡೆವಲಪ್‌ಮೆಂಟಿನ ಮಾತು, ಶುರುವಾಯಿತು.

ಸೊಸೈಟಿಯ ಸಭೆಗೆ ಮಾವನ ಮಗ ಖಾರ್‌ಘರ್‌ನಿಂದ ಬಂದಿದ್ದ. ಅವನು ನನಗಿಂತ ಚಿಕ್ಕವನು, ಇಲ್ಲೇ ಹುಟ್ಟಿ ಬೆಳೆದವನು. ಕನ್ನಡವೂ ತುಳುವೂ ಅರ್ಥವಾದರೂ ಬಾಯಿಗೆ ಬರುವುದು ಹಿಂದಿ. ಬಿಲ್ಡರನ ಕಡೆಯವನು ಗೋಡೆಯ ಮೇಲೆ ಟವರಿನ ಚಿತ್ರ ತೋರಿಸಿದ. ಜಿಮ್ ಬಂದಾಗ ಜನ ಚಪ್ಪಾಳೆ ತಟ್ಟಿದರು. ಟೆರೇಸಿನ ಚಿತ್ರದಲ್ಲಿ ಈಜುಕೊಳವಿತ್ತು. ನಾನು ಎದ್ದು ನಿಂತು, ಹೊಸ ಕಟ್ಟಡದಲ್ಲಿ ಸೋಲಾರಿಗೆ ಜಾಗ ಬಿಡಬೇಕು, ಅಡುಗೆಮನೆಗೆ ಗಾಳಿ ಬರಬೇಕು, ಇಂಡಕ್ಷನ್ ಒಲೆ ತಡೆಯುವ ವೈರು ಈಗಲೇ ಹಾಕಬೇಕು, ಒಪ್ಪಂದದಲ್ಲಿ ಇದನ್ನೆಲ್ಲ ಬರೆಯಿರಿ ಎಂದೆ.

ಆತ ನಗುತ್ತಲೇ, “ಮ್ಯಾಡಮ್, ಪೈಪ್ ಗ್ಯಾಸ್ ದೇ ರಹೇ ಹೈಂ ನಾ, ಜನರೇಟರ್ ಭೀ,” ಎಂದ. ಗ್ಯಾಸೂ ಕೊಡುತ್ತೇವೆ, ಜನರೇಟರೂ ಕೊಡುತ್ತೇವೆ, ಇನ್ನೇನು ಬೇಕು ಎಂಬಂತೆ. ಸಭೆಯೂ ನಕ್ಕಿತು. ಮಗ ನನ್ನ ಪಕ್ಕಕ್ಕೆ ಬಗ್ಗಿ, “ದೀದಿ, ಪೆಹಲೇ ಬಿಲ್ಡಿಂಗ್ ತೋ ಖಡೀ ರಹೇ,” ಎಂದ. ಮೊದಲು ಬೀಳದ ಕಟ್ಟಡವೊಂದು ನಿಲ್ಲಲಿ ಎಂದು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಪುಡಿಯಾದ ಸರಳನ್ನು ನಾನೂ ಮುಟ್ಟಿ ನೋಡಿದ್ದೆ. ಕೈ ಎತ್ತುವ ಹೊತ್ತಿಗೆ ಎಲ್ಲರ ಜೊತೆ ನನ್ನದೂ ಮಾವನದೂ ಕೈ ಎದ್ದಿತು. ಅತ್ತೆ ಹಿಂದಿನ ಸಾಲಿನಲ್ಲಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಉಳಿದದ್ದು ಫಲಕಗಳ ಪ್ರಶ್ನೆ. ಅವು ಇನ್ನೂ ಎಷ್ಟೋ ವರ್ಷ ಬಾಳುವಂಥವು. ನಮ್ಮ ವರದಿಗಳಲ್ಲಿ ನಾವು ಯಾವಾಗಲೂ ಅದನ್ನೇ ಬರೆಯುತ್ತಿದ್ದೆವು, ಫಲಕ ಎಷ್ಟು ವರ್ಷ ಬಾಳುತ್ತದೆಂದು. ಅದರ ಕೆಳಗಿನ ಕಟ್ಟಡ ಎಷ್ಟು ವರ್ಷ ಬಾಳುತ್ತದೆಂದು ಒಂದು ಸಾಲೂ ಬರೆದಿರಲಿಲ್ಲ. ಅವುಗಳಿಗೊಂದು ಮನೆ ಹುಡುಕಲು ನಾನೂ ಮಾವನೂ ಹೊರಟೆವು. ಕಲ್ಯಾಣದ ಒಂದು ಶಾಲೆಗೆ ಬೇಕಿತ್ತು, ಆದರೆ ಅದರ ತಗಡಿನ ಮಾಡು ಅಷ್ಟು ಭಾರ ತಡೆಯುತ್ತಿರಲಿಲ್ಲ. ಠಾಣೆಯ ಒಂದು ಸೊಸೈಟಿಯವರು, ಹೊಸದಕ್ಕಾದರೆ ಸರ್ಕಾರದ ಸಹಾಯ ಸಿಗುತ್ತದೆ, ಹಳೆಯದನ್ನು ಹೊತ್ತು ತಂದರೆ ನಮಗೇನು ಸಿಗುತ್ತದೆ ಎಂದರು. ಕಳವಾ ಎಂಬ ಕಡೆ ವಠಾರದಂಥ ಒಂದು ಚಾಳಿನ ಹೆಂಗಸರು ಮಾತ್ರ ನಿಜವಾಗಿ ಆಸೆಪಟ್ಟರು. ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ, ಬೇಸಿಗೆಯಲ್ಲಿ ತಗಡು ಕಾದು ಮಕ್ಕಳ ಮೈಯೆಲ್ಲ ಬೊಕ್ಕೆ. ಫಲಕ ಹಾಕಿದರೆ ಕರೆಂಟು ಬರುವುದಿರಲಿ, ಮೇಲೆ ನೆರಳಾದರೂ ಆಗುತ್ತದಲ್ಲ ಎಂದಳು ಒಬ್ಬಳು. ಚಾಳಿನ ಮಾಲೀಕ ಒಪ್ಪಲಿಲ್ಲ. ಕಾಗದಪತ್ರ ಸರಿಯಿಲ್ಲದ ಜಾಗ, ಮಾಡಿನ ಮೇಲೆ ಏನಾದರೂ ಕಂಡರೆ ಪಾಲಿಕೆಯವರ ಕಣ್ಣು ಬೀಳುತ್ತದೆಂದು ಅವನ ಹೆದರಿಕೆ. ವಾಪಸು ಬರುವಾಗ ಕಳವಾ ಸ್ಟೇಷನ್ನಿನ ಮೆಟ್ಟಿಲಿನಲ್ಲಿ ಮಾವ ಕಂಬಿ ಹಿಡಿದು ನಿಂತರು. “ಅನ್ನ ಉಳಿದ್ರೆ ಹೋಟ್ಲಿನಲ್ಲಿ ಯಾರಿಗಾದ್ರೂ ಕೊಡ್ತಿದ್ದೆವು. ಬಿಸಿಲು ಕೊಡ್ತೇನೆ ಅಂದ್ರೆ ತಕ್ಕೊಳ್ಳುವವರು ಯಾರೂ ಇಲ್ವಲ್ಲ ಮಾರಾಯ್ತಿ,” ಎಂದರು.

ಕೊನೆಗೆ ಕಟ್ಟಡ ಒಡೆಯುವ ಗುತ್ತಿಗೆದಾರ ಬಾಗಿಲು, ಕಿಟಕಿ, ಸರಳುಗಳ ಜೊತೆ ಅವನ್ನೂ ಲಾರಿಗೆ ಹಾಕಿ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಗೆ ಕಳಿಸಿದ. ಬೇಡವೆಂದರೂ ಕೇಳದೆ ಮಾವ ಹೊರಟರು. ನಾನು ಜೊತೆಗೆ ಹೋದೆ. ಅಲ್ಲಿ ಯಾರಿಗೂ ಫಲಕ ಬೇಕಿರಲಿಲ್ಲ, ಸುತ್ತಲಿನ ಅಲ್ಯುಮಿನಿಯಂ ಚೌಕಟ್ಟು ಬೇಕಿತ್ತು. ಒಬ್ಬ ಕೂಲಿಯವನು ಫಲಕವನ್ನು ಗೋಡೆಗೆ ಒರಗಿಸಿ ಮೂಲೆಗೆ ಸುತ್ತಿಗೆಯಿಂದ ಹೊಡೆದ. ಗಾಜು ಒಮ್ಮೆಗೇ ಚೂರಾಗಲಿಲ್ಲ, ಇಡೀ ಮೈ ಬಿರುಕುಬಿಟ್ಟು ಬೆಳ್ಳಗಾಯಿತು. ಆಮೇಲೆ ಚೌಕಟ್ಟು ಕಿತ್ತು ಒಂದು ಕಡೆ ಎಸೆದ, ಉಳಿದದ್ದನ್ನು ಇನ್ನೊಂದು ಕಡೆ. ಮಾವ ಒಂದು ಪೈಪಿನ ರಾಶಿಯ ಮೇಲೆ ಕೂತುಬಿಟ್ಟರು. ಅಳಲಿಲ್ಲ. “ಹೋಗುವ, ಮನೆಯಲ್ಲಿ ಇವಳು ಒಬ್ಬಳೇ ಉಂಟು,” ಎಂದರು. ಕೂಲಿಯವನು ಮುಂದಿನ ಫಲಕವನ್ನು ಒರಗಿಸುವ ಮೊದಲೇ ನಾವು ಹೊರಟೆವು.

ಕಟ್ಟಡ ಒಡೆಯುವ ಮೊದಲೇ ಅವರಿಬ್ಬರೂ ಮಗನ ಮನೆಗೆ ಖಾರ್‌ಘರ್‌ಗೆ ಹೋಗಿದ್ದರು, ನಾನು ಕಲ್ಯಾಣದಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದೆ. ಮಗ ಸೊಸೆ ಕೆಟ್ಟವರಲ್ಲ. ಅತ್ತೆಗೆ ಎಸಿ ಇರುವ ಕೋಣೆ ಬಿಟ್ಟುಕೊಟ್ಟರು, ಡಾಕ್ಟರರ ಹತ್ತಿರ ತಪ್ಪದೆ ಕರೆದುಕೊಂಡು ಹೋದರು. ಆದರೆ ಅವರ ಅಡುಗೆಮನೆಯಲ್ಲಿ ಗ್ರಾನೈಟ್ ಕೊರೆದು ನಾಲ್ಕು ಉರಿಯ ಗ್ಯಾಸ್ ಒಲೆ ಕೂರಿಸಿತ್ತು. ಅತ್ತೆಯ ಇಂಡಕ್ಷನ್ ಒಲೆಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ, ಇದ್ದ ಒಂದೇ ದೊಡ್ಡ ಪ್ಲಗ್ಗಿನಲ್ಲಿ ಓವನ್ ಇತ್ತು. ಅತ್ತೆಯ ಒಲೆ ಮಂಚದ ಕೆಳಗೆ ಹೋಯಿತು. ಅಡುಗೆ ಮಾಡುವುದು ಬೇಡವೆಂದು ಎಲ್ಲರೂ ಹೇಳಿದರು. ಅತ್ತೆ ಕೇಳುವವರೇ? ಸೊಸೆ ಕೆಲಸಕ್ಕೆ ಹೋದ ಮೇಲೆ ಮಾವನಿಗೆಂದು ಉರಿ ಹಚ್ಚುತ್ತಿದ್ದರು. ಹೊಗೆ ಎಳೆಯುವ ಚಿಮಣಿಯ ಸದ್ದಿಗೆ ತಲೆ ಸುತ್ತುತ್ತದೆಂದು ಅದನ್ನು ಆರಿಸಿಬಿಡುತ್ತಿದ್ದರು.

ನಾನು ಹೋದಾಗ ಒಮ್ಮೆ ನನ್ನ ಕೈ ಹಿಡಿದು, “ಇಲ್ಲಿ ಎಲ್ಲ ಚಂದ ಉಂಟು. ಫ್ಯಾನೊಂದು ಇಲ್ಲ,” ಎಂದರು. ಮಗನ ಹತ್ತಿರ ಮಾತಾಡಿದೆ. ಹೊಸ ಮನೆ ಸಿಗುತ್ತದಲ್ಲ ದೀದಿ, ಅಲ್ಲಿ ನಿಮಗೆ ಬೇಕಾದ ಹಾಗೆ ಮಾಡಿಸೋಣ ಎಂದು ಹಿಂದಿಯಲ್ಲೇ ಸಮಾಧಾನ ಹೇಳಿದ. ನಾನೂ ಅದನ್ನೇ ನಂಬಿದೆ.

ಹೊಸ ಮನೆ ಏಳಲಿಲ್ಲ. ಪಾಯ ತೋಡಿದ ಮೇಲೆ ಬಿಲ್ಡರನ ಪಾಲುದಾರರೊಳಗೆ ಜಗಳವಾಗಿ ವಿಷಯ ಕೋರ್ಟಿಗೆ ಹೋಯಿತು. ನಮ್ಮ ಕಟ್ಟಡ ಇದ್ದ ಜಾಗದಲ್ಲಿ ಈಗ ಒಂದು ದೊಡ್ಡ ಗುಂಡಿಯಿದೆ. ಮಳೆಗಾಲದಲ್ಲಿ ತುಂಬಿ ಹಸಿರು ನೀರು ನಿಲ್ಲುತ್ತದೆ, ಸುತ್ತ ನೀಲಿ ತಗಡಿನ ಬೇಲಿ.

ಖಾರ್‌ಘರ್‌ಗೆ ಹೋದ ಎರಡನೆಯ ಮಳೆಗಾಲದಲ್ಲಿ ಅತ್ತೆಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಒಮ್ಮೆ ಮನೆಗೆ ಬಂದು ಮತ್ತೆ ಆಸ್ಪತ್ರೆ ಸೇರಿದರು. ಕೊನೆಯ ಸಲ ನೋಡಿದಾಗ ಮುಖಕ್ಕೆ ಮಾಸ್ಕ್ ಇತ್ತು, ಮಾತಿಲ್ಲ. ನನ್ನನ್ನು ಗುರುತಿಸಿದರೆಂದು ಹೇಳಲಾರೆ. ಎರಡು ದಿನದ ಮೇಲೆ ಮಗನೇ ಫೋನ್ ಮಾಡಿದ. “ಅತ್ತೆ ಹೋದ್ರು,” ಎಂದಷ್ಟೇ, ಕನ್ನಡದಲ್ಲಿ. ತನ್ನ ಅಮ್ಮನಿಗೆ ನನ್ನ ಬಾಯಲ್ಲಿದ್ದ ಹೆಸರನ್ನೇ ಹಿಡಿದು.

ಕ್ರಿಯೆಯೆಲ್ಲ ಮುಗಿದ ಮೇಲೆ ಒಂದು ಭಾನುವಾರ ಮಾವನನ್ನು ನೋಡಲು ಹೋದೆ. ಬಾಲ್ಕನಿಯಲ್ಲಿ ಕೂತಿದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು: “ನಿಮ್ಮ ರಿಸರ್ಚಿನಲ್ಲಿ ಎಂತ ಹೇಳ್ತದೆ? ಅಲ್ಲೇ, ಆ ಒಲೆಯಲ್ಲೇ ಮಾಡಿಕೊಂಡು ಇದ್ದಿದ್ರೆ ಇವಳು ಇನ್ನೂ ಸ್ವಲ್ಪ ದಿನ ಇರ್ತಿದ್ಲಾ?”

ಒಂದು ಮನೆಯಿಂದ, ಒಂದು ಸಾವಿನಿಂದ ಏನನ್ನೂ ತೀರ್ಮಾನಿಸಬಾರದೆಂದು ಹೊಸದಾಗಿ ಸೇರುವವರಿಗೆ ನಾನೇ ಕಲಿಸುತ್ತೇನೆ. ಅತ್ತೆಗೆ ವಯಸ್ಸಾಗಿತ್ತು, ಶ್ವಾಸಕೋಶ ಮೊದಲೇ ಹಾಳಾಗಿತ್ತು, ಮಳೆಗಾಲ ಬೇರೆ. ಹೌದು ಎಂದರೆ ಮಗನ ಮೇಲೆ ಹೊರೆ ಹೊರಿಸಿದಂತೆ. ಇಲ್ಲ ಎಂದರೆ ನಾನು ಇಷ್ಟು ವರ್ಷ ಮನೆಮನೆಗೆ ಹೋಗಿ ಹೇಳಿದ್ದೆಲ್ಲ ಏನು?

“ಗೊತ್ತಿಲ್ಲ ಮಾವ,” ಎಂದೆ.

“ನಿನಗೇ ಗೊತ್ತಿಲ್ಲದಿದ್ರೆ ಮತ್ತೆ ಯಾರ ಹತ್ರ ಕೇಳುವುದು,” ಎಂದರು. ಬೈದದ್ದಲ್ಲ. ನಿಜವಾಗಿಯೂ ಯೋಚಿಸುತ್ತಿದ್ದವರಂತೆ ಹೇಳಿದರು. ಆಮೇಲೆ ಊಟ ಮಾಡಿಕೊಂಡು ಹೋಗೆಂದು ಒಳಗೆ ಕರೆದರು.

ಆ ವಾರ ಕೆಲಸಕ್ಕೆ ಹೋಗಲಿಲ್ಲ. ಮುಂದಿನ ವಾರ ಹೋದೆ, ಬೇರೆ ಕೆಲಸ ನನಗೆ ಬರುವುದಿಲ್ಲ. ಕಲ್ಯಾಣದಲ್ಲಿ ಒಂದು ಹಳೇ ಕಟ್ಟಡದ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಹೆಂಗಸು ಕೈಯಲ್ಲಿ ಲಟ್ಟಣಿಗೆ ಹಿಡಿದೇ ನಿಂತಿದ್ದಳು, ಹಣೆಯಿಂದ ಬೆವರು ಇಳಿಯುತ್ತಿತ್ತು. ಒಲೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕಿತ್ತೆಂದು ಮರಾಠಿಯಲ್ಲಿ ಶುರು ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವಳು, ಈ ಬಿಲ್ಡಿಂಗೂ ರಿಡೆವಲಪ್‌ಮೆಂಟಿಗೆ ಹೋಗಿದೆ ತಾಯಿ, ಈಗ ಯಾಕೆ ಇದೆಲ್ಲ, ಎಂದಳು. ಸರಿ ಎಂದು ತಲೆಯಾಡಿಸಿ ಪಕ್ಕದ ಬಾಗಿಲಿನ ಬೆಲ್ ಒತ್ತಿದೆ.