ಬಗ್ಗಿ ನಡೆಯುವವರಿಗೆ ಕಂಡ ಹೂವು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಬುಡದ ಗೋದಾಮಿನ ಮುಂದೆ ಮೂಟೆಯಣ್ಣ ಕುಕ್ಕರಗಾಲಲ್ಲಿ ಕೂತು ಸಿಮೆಂಟ್ ಮೂಟೆಗೆ ಹಗ್ಗ ಬಿಗಿಯುತ್ತಿದ್ದಾರೆ. ಹಗ್ಗದ ಅಗಲ ಪಟ್ಟಿಯನ್ನು ಹಣೆಗೆ ಸಿಕ್ಕಿಸಿ, ಒಂದು ಕೈ ನೆಲಕ್ಕೂರಿ, "ಹೂಂ" ಎಂದು ಎದ್ದೇಬಿಡುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಹೊರಟ ನಾನು ಬರಿಗೈಯಲ್ಲಿ ಏಳುವಾಗಲೂ ಇದಕ್ಕಿಂತ ಹೆಚ್ಚು ಸದ್ದು ಮಾಡುತ್ತೇನೆ.

"ಕೇಳೋದೆಲ್ಲ ಕೇಳ್ತಾ ಬನ್ನಿ ಸಾರ್. ಉತ್ತರ ಮಾತ್ರ ತಿರುವು ಬಂದಾಗ ಕೊಡ್ತೀನಿ." ಏರಿನಲ್ಲಿ ಉಸಿರು ದಂಡ ಮಾಡುವುದು ಅವರಿಗೆ ಆಗಿಬರುವುದಿಲ್ಲ.

ಮೇಲಿನ ತಂಗುದಾಣದಲ್ಲಿ ಚಾರಣಿಗರು ತಿನ್ನುವ ಅನ್ನ, ಮಲಗುವ ಹಾಸಿಗೆ, ಗ್ಯಾಸ್ ಸಿಲಿಂಡರ್, ಒಂದು ಕಬ್ಬಿಣದ ಬೀರು, ಎಲ್ಲವೂ ಇವರ ಬೆನ್ನೇರಿಯೇ ಹೋದವು. ದಿನಕ್ಕೆ ಎರಡು ಸುತ್ತು, ಮಳೆ ಹಿಡಿದರೆ ಒಂದು. ಎಡ ಮೊಣಕಾಲು ಸವೆದಿದೆ. ಹೊರೆ ಬಿಡಿ ಎಂದು ಡಾಕ್ಟರು ಹೇಳಿಯಾಗಿದೆ. ಈಗಿನ ಮೆಟ್ಟಿಲು ಕೆಲಸ ಮುಗಿದರೆ ಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದಾರೆ.

ಚಾರಣಿಗರ ಕಣ್ಣು ಶಿಖರದ ಮೇಲೆ. ಹಣೆಗೆ ಹೊರೆ ಬಿದ್ದವರು ಕತ್ತೆತ್ತುವಂತಿಲ್ಲ, ನೆಲವೇ ಗತಿ. ಹಾಗೆ ನೆಲ ನೋಡುತ್ತಲೇ ಕಳೆದ ವರ್ಷ ಮೂರನೇ ತಿರುವಿನ ಬಂಡೆ ಬಿರುಕಿನಲ್ಲಿ ಮೂಟೆಯಣ್ಣನಿಗೆ ಒಂದು ಹೂವು ಕಂಡಿತು. ಉಗುರಿನಷ್ಟು ಬಿಳಿ ಹೂವು. ಬಿಸಿಲು ತಾಗಿದರೆ ಮುದುಡಿಬಿಡುತ್ತದೆ. ತಿಂಡಿ ತಿಂದು ಹೊರಡುವ ಚಾರಣಿಗರು ಬರುವ ಹೊತ್ತಿಗೆ ಅಲ್ಲಿ ಇರುವುದು ಬರೀ ಎಲೆ.

ಹೊರುವವರು ಇಳಿಜಾರಿನಲ್ಲಿ ಹೊರೆ ಇಳಿಸುವುದಿಲ್ಲ. ಇಳಿಸಿದರೆ ಒಬ್ಬರೇ ಎತ್ತಿಕೊಳ್ಳಲಾಗದು. ಊರುಗೋಲನ್ನು ಹೊರೆಯ ಕೆಳಗೆ ಕೊಟ್ಟು ನಿಂತೇ ಸುಧಾರಿಸಿಕೊಳ್ಳಬೇಕು. ಅಂದು ಮೂಟೆಯಣ್ಣ ಅಕ್ಕಿ ಮೂಟೆ ಇಳಿಸಿಬಿಟ್ಟರು.

"ಹೂ ನೋಡಿದ್ದೇನೋ ಆಯ್ತು, ಏಳೋಕಾಗ್ಬೇಕಲ್ಲ! ಇನ್ನೊಬ್ಬ ಬರೋವರೆಗೂ ಅಲ್ಲೇ ಕೂತೆ. ಮೇಲೆ ಅಡುಗೆಯವರು ಅಕ್ಕಿಗೋಸ್ಕರ ಬಾಯಿ ಬಾಯಿ ಬಡ್ಕೊಳ್ತಿದ್ರು. ಮನೇಲಿ ಹೇಳಿದ್ರೆ ಇವಳು, 'ಮದುವೆ ಆದಾಗಿಂದ ಒಂದಿನಾನೂ ಹೀಗೆ ಕೂತು ನನ್ನ ಮುಖ ನೋಡಿಲ್ಲ' ಅಂದ್ಬಿಟ್ಲು."

ನಗುತ್ತಲೇ ಹೇಳಿದರೂ ಅವರಿಗಿಂದು ಆತಂಕವಿದೆ. ದಾರಿಗೆ ಮೆಟ್ಟಿಲು ಕಟ್ಟಲಾಗುತ್ತಿದೆ. ಮೇಸ್ತ್ರಿ ಎಳೆದ ದಾರ ಸರಿಯಾಗಿ ಆ ಬಿರುಕಿನ ಮೇಲೆಯೇ ಹಾದಿದೆ, ಕಾಂಕ್ರೀಟ್ ಬೀಳುವುದು ಇಂದೇ. "ನಾನೇ ಸಿಮೆಂಟ್ ಹೊತ್ತು ತಂದು ಅದನ್ನ ಮುಚ್ಚಿಸಿದ ಹಾಗಾಗುತ್ತೆ. ಹೊಟ್ಟೆ ಉರಿಯುತ್ತೆ ಸಾರ್." ಮೇಸ್ತ್ರಿ ಬರುವುದು ಬಿಸಿಲೇರಿದ ಮೇಲೆ. ಅವರ ಕಣ್ಣಿಗೆ ಅದು ಬರೀ ಕಳೆ. ಕೊನೆಗೆ ಮೂಟೆಯಣ್ಣ ಕಾಡಿ ಬೇಡಿ ಇವತ್ತೊಂದು ದಿನ ಬೇಗ ಬರಲು ಅವರನ್ನು ಒಪ್ಪಿಸಿದ್ದಾರೆ.

ಮೂರನೇ ತಿರುವಿನಲ್ಲಿ ಮೇಸ್ತ್ರಿ ಮಫ್ಲರ್ ಸುತ್ತಿಕೊಂಡು ಆಕಳಿಸುತ್ತಾ ಕೂತಿದ್ದಾರೆ. ಮೂಟೆಯಣ್ಣ ಊರುಗೋಲಿಗೆ ಹೊರೆ ಕೊಟ್ಟು, ಗಲ್ಲದಿಂದಲೇ ಬಿರುಕನ್ನು ತೋರಿಸುತ್ತಾರೆ. ಐದು ಹೂವು ಅರಳಿವೆ.

"ಇಷ್ಟಕ್ಕಾ ಅಣ್ಣ ನನ್ನ ನಿದ್ದೆ ಕೆಡಿಸಿದ್ದು?" ಎನ್ನುತ್ತಲೇ ಮೇಸ್ತ್ರಿ ಮಂಡಿಯೂರುತ್ತಾರೆ. ಬೆರಳ ತುದಿಯಿಂದ ಒಂದನ್ನು ಮೆಲ್ಲಗೆ ತಿರುಗಿಸುತ್ತಾರೆ. "ಅರೆ, ಒಳಗೆ ನೇರಳೆ ಚುಕ್ಕೆ ಬೇರೆ ಇದೆಯಲ್ಲ!" ನಾನೂ ಬಂಡೆಗೆ ಮೂಗು ತಾಗಿಸಿ ನೋಡುತ್ತೇನೆ. ಚುಕ್ಕೆ ಒಂದಲ್ಲ, ಪ್ರತಿ ಎಸಳಿಗೂ ಒಂದೊಂದು. ಇದರ ಹೆಸರು ಮೂವರಲ್ಲಿ ಯಾರಿಗೂ ಗೊತ್ತಿಲ್ಲ. ಹೂ ಬೀಜ ಕಟ್ಟುವುದು ಯಾವಾಗ, ಇದೊಂದೇ ಬಿರುಕಿನಲ್ಲಿ ಏಕೆ ಎಂದು ಮೇಸ್ತ್ರಿ ಕೇಳತೊಡಗಿದಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಮೇಸ್ತ್ರಿ ಎದ್ದು ದಾರ ಕಟ್ಟಿದ ಗೂಟ ಕೀಳುತ್ತಾರೆ. "ಆ ಕಡೆಯಿಂದ ಸುತ್ತಿಸ್ಬೇಕು. ಹತ್ತು ಹನ್ನೆರಡು ಮೂಟೆ ಜಾಸ್ತಿನೇ ಹಿಡಿಯುತ್ತೆ. ಹೊರೋರು ಯಾರು?"

"ನಾನಿಲ್ವಾ?"

ಮೊಣಕಾಲಿನ ಗತಿಯೇನು ಎಂದು ನಾನು ಕೇಳದೆ ಇರಲಾರೆ. ಮೂಟೆಯಣ್ಣ ಊರುಗೋಲು ಎಳೆದುಕೊಂಡು ಹೆಜ್ಜೆ ಕೀಳುತ್ತಾರೆ.

"ಅದು ದಿನಾ ಬೈಯುತ್ತೆ ಸಾರ್, ಇವತ್ತು ಮನೇಲಿ ಇವಳೂ ಬೈತಾಳೆ. ಆದ್ರೆ ಮೆಟ್ಟಿಲಾದ್ರೆ ಅವಳನ್ನೂ ಇಲ್ಲಿವರೆಗೆ ಹತ್ತಿಸಬಹುದಲ್ಲ. ಬಿಸಿಲು ಬರೋಕೆ ಮುಂಚೆ ತಲುಪಬೇಕು, ಅಷ್ಟೇ."